ಸೋದರಮಾವ ಕೊಡದ ವೀಳ್ಯ

ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ನನ್ನ ಗಂಡ ಯಾರು ಎಂಬುದು ತೀರ್ಮಾನವಾಗಿತ್ತು. ಅವ್ವನ ತಮ್ಮ ಆಗಿನ್ನೂ ಚಡ್ಡಿ ಎಳೆದುಕೊಂಡು ಓಡಾಡುವ ಹುಡುಗ. ತೊಟ್ಟಿಲೊಳಗೆ ಇಣುಕಿ, "ಇದ್ಯಾಕೆ ಇಂಗ್ ಮುಖ ಸಿಂಡ್ರಿಸ್ಕೊಂಡೈತೆ?" ಅಂದನಂತೆ. "ನಿನ್ನ ಎಂಡ್ತಿ ಕಣ್ಲಾ ಅದು, ನೆಟ್ಟಗ್ ನೋಡ್ಕೊ" ಅಂದಳಂತೆ ನನ್ನಜ್ಜಿ, ಅಂದರೆ ಅವನ ತಾಯಿ. ನೆರೆದ ಹೆಂಗಸರೆಲ್ಲ ನಕ್ಕರಂತೆ, ನಾನು ಅತ್ತೆನಂತೆ. ಈ ಕತೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆಂದರೆ, ಎಲ್ಲವೂ ನನಗೇ ನೆನಪಿದೆಯೇನೋ ಎನ್ನಿಸುತ್ತದೆ.

ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಕೇಳಿ ಮೂಗು ಮುರಿಯುವವರು ಮುರಿಯಲಿ, ಇದ್ದದ್ದನ್ನು ಹೇಳುತ್ತಿದ್ದೇನೆ. ಅವನು ಒಲ್ಲೆ ಎಂದರೆ ಮಾತ್ರ ಬೇರೆ ಮನೆಯವರು ಹೆಣ್ಣು ಕೇಳಬಹುದು. ಒಲ್ಲೆ ಎನ್ನುವುದಕ್ಕೂ ಒಂದು ಕ್ರಮವಿತ್ತು. ಕುಲದ ಹಿರಿಯರ ಮುಂದೆ ಹುಡುಗಿಯ ಕೈಗೆ ಎಲೆ ಅಡಿಕೆ ಇಟ್ಟು "ನನ್ನ ಹಕ್ಕು ಬಿಟ್ಟೆ" ಎನ್ನಬೇಕು. ಆ ವೀಳ್ಯ ಅವನ ಕೈಯಿಂದಲೇ ಬೀಳಬೇಕು. ಬಾಯಿಮಾತು ನಡೆಯದು, ಹೇಳಿ ಕಳಿಸಿದರೂ ನಡೆಯದು. ವೀಳ್ಯ ಬೀಳದ ಹೆಣ್ಣನ್ನು ಯಾರಾದರೂ ಮದುವೆಯಾದರೆ ಆ ಮನೆಯವರ ಜೊತೆ ಯಾರೂ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ.

ನಮ್ಮ ಮನೆ ಮಳವಳ್ಳಿಯಲ್ಲಿ. ಅವ್ವನ ತವರು ಮದ್ದೂರಿನ ಹತ್ತಿರ, ಶಿಂಷಾ ದಡದ ಒಂದು ಹಳ್ಳಿ. ಮಾವ ಆ ಹಳ್ಳಿಯಿಂದ ಹೊರಟು ಕಾನೂನು ಓದಿ ಬಂದ ಮೊದಲಿಗ. ಅವನ ಓದು ಮುಗಿಯಲಿ ಎಂದು ನನ್ನ ಮದುವೆಯನ್ನು ಮುಂದೆ ಹಾಕಿದ್ದರು. ಹಾಗಾಗಿ ನನ್ನ ಓರಗೆಯವರು ಕಂಕುಳಲ್ಲೊಂದು ಕೂಸು ಎತ್ತಿಕೊಂಡು ತವರಿಗೆ ಬರುವ ಹೊತ್ತಿಗೆ, ಹದಿನೆಂಟು ತುಂಬಿದ ನಾನು ಇನ್ನೂ ಮನೆಯಲ್ಲೇ ಇದ್ದೆ. ನನಗೇನೂ ಬೇಸರವಿರಲಿಲ್ಲ. ನನ್ನ ಪಾಲಿನದು ನನಗೆ ಇದ್ದೇ ಇದೆ ಎಂಬ ಜಂಬ. ದಾರಿಯಲ್ಲಿ ಸಿಕ್ಕವರು "ಏನವ್ವ ಲಾಯರಮ್ಮ, ನಮ್ಮದೊಂದ್ ಕೇಸ್ ಐತೆ, ಪೀಜು ಏಟು?" ಎಂದು ಕೆಣಕಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ.

ಮಾವ ಮಂಡ್ಯದಲ್ಲಿ ಕೋರ್ಟಿನ ಹತ್ತಿರವೇ ಒಂದು ಬಾಡಿಗೆ ಮನೆ ಹಿಡಿದ. ಅಡುಗೆಗೆ ಅಜ್ಜಿ ಬಂದು ನಿಂತಳು. ಅಜ್ಜಿಗೆ ಸೊಂಟ ನೋವು ಎಂಬ ನೆಪದಲ್ಲಿ ನನ್ನನ್ನೂ ಆಗಾಗ ಕರೆಸಿಕೊಳ್ಳುತ್ತಿದ್ದರು. ಅವಳ ಸೊಂಟಕ್ಕೆ ಏನೂ ಆಗಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಅವನ ಕೊರಳಿನ ಬಿಳಿ ಪಟ್ಟಿಗಳಿಗೆ ಗಂಜಿ ಹಾಕುತ್ತಿದ್ದೆ, ಕರಿ ಕೋಟನ್ನು ಬಿಸಿಲಿಗೆ ಹಾಕಿ ಒದರುತ್ತಿದ್ದೆ. ನಾಲೆ ನೀರು ಬಂದು ಮಂಡ್ಯದ ಸುತ್ತ ಎಲ್ಲೆಲ್ಲೂ ಕಬ್ಬು ಎದ್ದಿದ್ದ ಕಾಲ ಅದು. ನೀರು ಬಂದಲ್ಲಿ ಜಗಳವೂ ಬರುತ್ತದೆ. ಬೆಳಗಾದರೆ ಜಗಲಿಯ ಮೇಲೆ ಹೆಗಲಿಗೆ ಟವೆಲು ಹಾಕಿದ ಗೌಡರು. "ಸೋಮಿ, ನನ್ನ ತೂಬ್ಗೆ ಮಣ್ಣು ಜಡ್ದವ್ನೆ. ಅವನ್ ವಂಸ ಆಳಾಗೋಗ!" ಎಂದು ಒಬ್ಬ ಗೋಳಾಡಿದರೆ, ಮಣ್ಣು ಜಡಿದವನೂ ಅದೇ ಜಗಲಿಯ ಆ ಕೊನೆಯಲ್ಲಿ ಕೂತಿರುತ್ತಿದ್ದ.

ಮಾವ ಇಬ್ಬರಿಗೂ ಕುಡಿಯಲು ನೀರು ಕೊಡಿಸಿ, ಬೈದು, ನಗಿಸಿ ಕಳಿಸುತ್ತಿದ್ದ. ಅವನ ದನಿಯೇ ಅಂಥದ್ದು. ಕೇಳಿದವನಿಗೆ ತನ್ನೊಬ್ಬನಿಗೇ ಹೇಳುತ್ತಿದ್ದಾನೆ ಅನ್ನಿಸಬೇಕು. ನಾನೂ ಅದಕ್ಕೇ ಬಿದ್ದವಳು. ಬಾಗಿಲ ಹಿಂದೆ ನಿಂತು ಕೇಳುತ್ತ ಕೇಳುತ್ತ ಕೋರ್ಟಿನ ಮಾತೆಲ್ಲ ನನಗೆ ಬಾಯಿಪಾಠವಾಯಿತು. ಅರ್ಜಿ, ತಕರಾರು, ಜಾಮೀನು, ವಾಯಿದೆ. ಅವನು ವಾಯಿದೆ ಕೇಳುವುದರಲ್ಲಿ ನಿಸ್ಸೀಮ ಎಂದು ಬೇರೆ ವಕೀಲರು ಆಡಿಕೊಳ್ಳುತ್ತಿದ್ದರು. ನಾನು ಅದನ್ನೇ ಹಿಡಿದು, "ದಿನ ಮುಂದಕ್ ಆಕುಸೋದೂ ಒಂದ್ ಇದ್ಯೆನಾ ಮಾವ?" ಎಂದು ಛೇಡಿಸಿದೆ. "ವಾಯಿದೆ ಅಂದ್ರೆ ಸೋಲಲ್ಲ ಕಣಮ್ಮಿ, ಕೇಸು ಇನ್ನೂ ಬದುಕಿದೆ ಅಂತ" ಎಂದ. ಎಂಥ ಮಾತು! ಅದನ್ನೇ ಸೆರಗಿಗೆ ಗಂಟು ಹಾಕಿಕೊಂಡು ನಾನು ಅಷ್ಟು ವರ್ಷ ಕಳೆದೆ.

ಒಂದು ದಿನ ಮುತ್ತತ್ತಿಗೆ ಹೋಗಿದ್ದು ನೆನಪಿದೆ. ಮದುವೆ ಸಾಂಗವಾಗಿ ಆಗಲೆಂದು ಅಲ್ಲಿಯ ಆಂಜನೇಯನಿಗೆ ಅಜ್ಜಿ ಹರಕೆ ಹೊತ್ತಳು. ಸುಗ್ಗಿ ಮುಗಿದ ಮೇಲೆ ಲಗ್ನ ಎಂದು ಆಗಲೇ ಮಾತಾಗಿತ್ತು. ಕಾವೇರಿಯಲ್ಲಿ ಮಿಂದು, ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಮಾವ ಉಣ್ಣುವುದು ಬಿಟ್ಟು ಬಂಡೆಯ ಮೇಲೆ ನಿಂತು ಹೊಳೆಗೆ ಭಾಷಣ ಮಾಡತೊಡಗಿದ. ಆಗಲೇ ಅವನಿಗೆ ಸಭೆಗಳ ಹುಚ್ಚು ಹತ್ತಿತ್ತು. "ಮಹಾಜನಗಳೇ" ಎಂದು ಎರಡೂ ಕೈ ಎತ್ತಿದ ಹೊತ್ತಿಗೆ ಒಂದು ಕೋತಿ ಬಂದು ಅವನ ಎಲೆಯ ಮುಂದಿನ ಚಕ್ಕುಲಿಯನ್ನೆಲ್ಲ ಬಾಚಿಕೊಂಡು ಓಡಿತು. ಅಜ್ಜಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ನಿನ್ನ ಮಹಾಜನ್ಗಳು ಉಂಡ್ಕೊಂಡ್ ಓದ್ರು ಕಣ್ಲಾ" ಎಂದಳು. ನಾನು ನನ್ನ ಪಾಲಿನ ಚಕ್ಕುಲಿ ಕೊಟ್ಟೆ. ಅವನು ಅರ್ಧ ಮುರಿದು ನನಗೇ ವಾಪಸು ಕೊಟ್ಟ. ಇದನ್ನು ಬರೆಯುವಾಗಲೂ ಕಾಗದ ಒದ್ದೆಯಾಯಿತು. ಒಂದು ಚಕ್ಕುಲಿ ಚೂರಿಗೆ ಇಷ್ಟು ಅಳುವ ಮುದುಕಿಯನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ.

ಆ ಸುಗ್ಗಿಯ ಹಿಂದೆಯೇ ಶಿಂಷಾ ದಡದಲ್ಲಿ ಸ್ವರಾಜ್ಯದ ಬಾವುಟ ಏರಿಸುವ ಸಭೆಯಾಯಿತು. ಏರಿಸಕೂಡದು ಎಂದು ಸರ್ಕಾರದ ಹುಕುಂ. ಏರಿಸಿಯೇ ತೀರುತ್ತೇವೆ ಎಂದು ಜನ. ಬಂಡಿ ಕಟ್ಟಿಕೊಂಡು, ನಡೆದುಕೊಂಡು, ಸುತ್ತಲ ಹಳ್ಳಿಗಳೆಲ್ಲ ಅಲ್ಲಿಗೆ ಹರಿದವು. ಪೊಲೀಸರು ಯಾರನ್ನಾದರೂ ಹಿಡಿದರೆ ಅವರ ಪರವಾಗಿ ವಾದಿಸಬೇಕಲ್ಲ ಎಂದು ಮಾವ ಕರಿ ಕೋಟು ಹಾಕಿಕೊಂಡೇ ಹೋದ. ತಿರುಗಿ ಬಂದಾಗ ಕೋಟು ತೋಳಿನ ಮೇಲಿತ್ತು, ಜುಬ್ಬದ ತುಂಬ ಧೂಳು, ಕಣ್ಣು ಬೇರೆ ಯಾರದೋ ಎನ್ನುವಂತೆ ಹೊಳೆಯುತ್ತಿತ್ತು. "ಅವ್ವ, ನಮ್ಮ ಗೌಡ ತೂಬಿನ ಜಗಳ ಬಿಟ್ಟು ಎದೆ ಕೊಟ್ಟು ನಿಂತಿದ್ದ, ನೋಡ್ಬೇಕಿತ್ತು ನೀನು" ಎಂದ. ಕೆಲವು ದಿನ ಕೋರ್ಟಿಗೆ ಹೋದ, ಸೆರೆಯಾದವರಿಗೆ ಪುಕ್ಕಟೆ ವಾದಿಸಿದ. ಆಮೇಲೆ ಒಂದು ಬೆಳಗ್ಗೆ ಜಗಲಿಯ ಗೌಡರಿಗೆಲ್ಲ ಕೈಮುಗಿದು, ನಾನು ಚಳವಳಿಗೆ ಹೊರಟೆ, ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದುಬಿಟ್ಟ.

ಲಗ್ನದ ಮಾತು ಎತ್ತಿದಾಗ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಒಂದು ವಾಯಿದೆ ಕೊಡವ್ವ" ಎಂದ. ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಕೊಡು ಅಜ್ಜಿ, ಕೊಡು ಎಂದು ನನ್ನ ಮನಸ್ಸೇ ಹೇಳಿತು. ಜೈಲಿಗೆ ಹೊರಟವನ ಕಾಲಿಗೆ ತೊಡರುವವಳು ನಾನಲ್ಲ ಎಂಬ ಇನ್ನೊಂದು ಜಂಬ ಹುಟ್ಟಿತ್ತು ನೋಡಿ.

ಆಮೇಲಿನ ವರ್ಷಗಳನ್ನು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಮಂಡ್ಯದ ಮನೆ ಬಿಟ್ಟರು. ಮಂಡ್ಯವೇ ಒಂದು ಜಿಲ್ಲೆಯಾಯಿತು. ಯುದ್ಧ ಬಂತು, ಸೀಮೆಎಣ್ಣೆಗೂ ಅಕ್ಕಿಗೂ ಪರದಾಟವಾಯಿತು. ಮಾವ ಜೈಲಿಗೆ ಹೋದ, ಬಂದ, ಮೈಸೂರಿನ ಪ್ರತಿನಿಧಿ ಸಭೆಗೆ ಚುನಾವಣೆ ನಿಂತು ಗೆದ್ದ, ಮತ್ತೆ ಜೈಲಿಗೆ ಹೋದ. ಕಂದಾಯ ಕಟ್ಟುವವರಿಗಷ್ಟೇ ಓಟು ಇದ್ದ ಕಾಲ. ನಮ್ಮಪ್ಪ ಎತ್ತಿನ ಗಾಡಿಯಲ್ಲಿ ಮಳವಳ್ಳಿಯ ಸುತ್ತಮುತ್ತ ತಿರುಗಿ ಭಾವಮೈದನಿಗೆ ಓಟು ಕೇಳಿದ. "ಗೆದ್ದ ಮೇಲಾದ್ರೂ ತಾಳಿ ಕಟ್ತಾನೆ ಬುಡು" ಎಂದು ಅವನ ಲೆಕ್ಕ. ಗೆದ್ದ ಮೇಲೆ ಹಾರ ಹಾಕಿಸಿಕೊಳ್ಳಲೇ ಮಾವನಿಗೆ ಪುರುಸೊತ್ತಿರಲಿಲ್ಲ.

ನಮ್ಮ ಮನೆಗೆ ಬಂದಾಗಲೆಲ್ಲ ನನಗೊಂದು ಖಾದಿ ಸೀರೆ ತರುತ್ತಿದ್ದ. ಗೋಣಿಯಷ್ಟು ಭಾರ, ಒಗೆದರೆ ಎರಡಾಳು ಹಿಂಡಬೇಕು. ಅದನ್ನೇ ಉಟ್ಟೆ. ರಾಟೆ ಹಿಡಿದೆ. ಅವನು ಬಂದಾಗ ಪತ್ರಿಕೆ ಓದಿ ಹೇಳುತ್ತಿದ್ದೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. "ನೀನು ಓದಿದ್ರೆ ಕೆಟ್ಟ ಸುದ್ದೀನೂ ಒಳ್ಳೇದಾಗಿ ಕೇಳುತ್ತೆ ಕಣಮ್ಮಿ" ಅನ್ನುತ್ತಿದ್ದ. ಇಂಥದನ್ನು ಕೇಳಿದವಳು ಇನ್ನೇನೆಂದುಕೊಳ್ಳಬೇಕು? ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು ಎನ್ನುತ್ತೀರಿ. ನಮ್ಮ ಕಾಲದಲ್ಲಿ ಹೆಣ್ಣು ತನ್ನ ಮದುವೆಯ ಮಾತನ್ನು ತಾನೇ ಕೇಳುತ್ತಿರಲಿಲ್ಲ. ನನಗೆ ಅನುಮಾನವೂ ಇರಲಿಲ್ಲ.

ಆಗ ನಿಡಘಟ್ಟದಿಂದ ಒಬ್ಬರು ನನ್ನನ್ನು ಕೇಳಿಕೊಂಡು ಬಂದರು. ಪ್ರೈಮರಿ ಶಾಲೆಯ ಮೇಷ್ಟ್ರು, ಮೂವತ್ತರ ಆಸುಪಾಸು, ಮಾತು ಕಮ್ಮಿ. ನನ್ನ ವಿಷಯ ಎಲ್ಲ ತಿಳಿದಿದ್ದರೂ, "ಸೋದರಮಾವನ ವೀಳ್ಯ ಬಿದ್ರೆ ಸಾಕು, ನಮಗೆ ಬೇರೇನೂ ಬ್ಯಾಡ" ಎಂದರಂತೆ. ಅಪ್ಪನಿಗೆ ಹೋದ ಜೀವ ಬಂದಂತಾಯಿತು. ಮಾವ ಆ ವಾರ ಮದ್ದೂರಿನಲ್ಲಿದ್ದ. ಸಂತೆ ಮಾಳದಲ್ಲಿ ಅವನ ಸಭೆ. ಅಪ್ಪ, ಅವ್ವ, ಕುಲದ ಇಬ್ಬರು ಹಿರಿಯರು, ನಾನು, ಎಲೆ ಅಡಿಕೆಯ ತಟ್ಟೆ. ಗಾಡಿ ಕಟ್ಟಿಕೊಂಡು ಹೋದೆವು. ದಾರಿಯುದ್ದಕ್ಕೂ ಅವನು ಕೊಡದಿರಲಿ ಎಂದು ಮುತ್ತತ್ತಿರಾಯನನ್ನು ಬೇಡಿಕೊಂಡೆ.

ಸಭೆ ಶುರುವಾಗುವ ಮೊದಲು ವೇದಿಕೆಯ ಪಕ್ಕದಲ್ಲೇ ಅಪ್ಪ ವಿಷಯ ಹೇಳಿದ. ತಟ್ಟೆ ಮುಂದೆ ಹಿಡಿದ. ಮಾವ ತಟ್ಟೆ ನೋಡಿದ, ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ಒಂದು ಗಳಿಗೆ ಏನೋ ಬಂದು ಹೋಯಿತು. ಏನು ಎಂದು ಇವತ್ತಿಗೂ ಗೊತ್ತಿಲ್ಲ. ಆಮೇಲೆ ದನಿ ಏರಿಸಿ, "ಭಾವ, ಇವಳೇನು ದನವೇ, ಹಕ್ಕು ಇಟ್ಕೊಳ್ಳೋಕೆ, ಹಕ್ಕು ಬಿಡೋಕೆ? ಇಲ್ಲದ ಹಕ್ಕನ್ನ ಬಿಟ್ಟೆ ಅಂತ ಹೇಳಿದ್ರೆ ಇತ್ತು ಅಂತ ಒಪ್ಪಿದ ಹಾಗಾಯ್ತು. ಈ ವೀಳ್ಯ ನಾನು ಮುಟ್ಟೋದಿಲ್ಲ" ಎಂದ. ಸುತ್ತ ನಿಂತ ಕಾರ್ಯಕರ್ತರು ಚಪ್ಪಾಳೆ ತಟ್ಟಿದರು. ಅವನು ವೇದಿಕೆ ಹತ್ತಿ ಅಂದಿನ ಭಾಷಣವನ್ನು ಅಲ್ಲಿಂದಲೇ ಶುರುಮಾಡಿದ. ಹೆಣ್ಣು ಯಾರ ಸ್ವತ್ತೂ ಅಲ್ಲ ಎಂದ. ಒಪ್ಪುವ ಮಾತೇ. ಈಗ ಯಾರಾದರೂ ಕೇಳಿದರೆ ನಾನೂ ಹಾಗೇ ಹೇಳುತ್ತೇನೆ.

ಆದರೆ ಹಿರಿಯರಿಗೆ ಭಾಷಣ ಬೇಕಿರಲಿಲ್ಲ, ಎಲೆ ಬೇಕಿತ್ತು. "ವೀಳ್ಯ ಬಿದ್ದಿಲ್ಲ ಕಣಪ್ಪ, ನಾವೇನ್ ಮಾಡಾದು?" ಎಂದು ತಟ್ಟೆಗೆ ಬಟ್ಟೆ ಮುಚ್ಚಿದರು. ನಿಡಘಟ್ಟದವರು ಒಂದು ವರ್ಷ ಕಾದರು. ಆಮೇಲೆ ಬೇರೆ ಕಡೆ ಮದುವೆಯಾದರು.

ಅವತ್ತು ಗಾಡಿಯಲ್ಲಿ ಅಪ್ಪ ಹಲ್ಲು ಕಡಿಯುತ್ತಿದ್ದ, ಅವ್ವ ಸುಮ್ಮನೆ ಅಳುತ್ತಿದ್ದಳು. ನನಗೆ ಮಾತ್ರ ಹಿಗ್ಗು. ಬಿಟ್ಟೆ ಎನ್ನಲಿಲ್ಲವಲ್ಲ! ಸಭೆಯ ಮುಂದೆ ಏನೇನೋ ಹೇಳಿರಬಹುದು, ಅದು ರಾಜಕೀಯ. ನನ್ನನ್ನು ಇನ್ನೊಬ್ಬನ ಕೈಗೆ ಒಪ್ಪಿಸಲು ಅವನಿಗೆ ಮನಸ್ಸಾಗಲಿಲ್ಲ ಎಂದು ನಾನು ಅರ್ಥಮಾಡಿಕೊಂಡೆ. ಕೆಂಪೇರಿದ ಮುಖ ಯಾರಿಗೂ ಕಾಣದಿರಲೆಂದು ಸೆರಗು ಎಳೆದುಕೊಂಡು ಹಿಂದಕ್ಕೆ ತಿರುಗಿ ಕೂತಿದ್ದೆ. ಅಯ್ಯೋ ಹುಚ್ಚು ಮುಂಡೇದೆ ಎಂದು ಈಗ ಬೈದುಕೊಳ್ಳುತ್ತೇನೆ.

ಅಜ್ಜಿ ಹರಕೆ ತೀರಿಸದೆಯೇ ಸತ್ತಳು. ಮಣ್ಣಿಗೆ ಮಾವ ಬಂದ. ಅಷ್ಟು ಜನರ ನಾಯಕ ಅವ್ವನ ಮಡಿಲಲ್ಲಿ ಮುಖವಿಟ್ಟು ಮಗುವಿನ ಹಾಗೆ ಅತ್ತ. ಅವ್ವ ಅವನ ತಲೆ ಸವರುತ್ತ, "ಆ ಮುದ್ಕಿ ಕಣ್ಣಿಗ್ ಒಂದ್ ಮದ್ವೆ ಕಾಣುಸ್ಲಿಲ್ವಲ್ಲೋ" ಎಂದಳು. "ಸ್ವರಾಜ್ಯ ಬಂದುಬಿಡ್ಲಿ ಅಕ್ಕ" ಎಂದ ಅವನು. ಕಂಬದ ಹತ್ತಿರ ನಿಂತಿದ್ದ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಬರಲಿ ಮಾವ, ಅದೂ ಬರಲಿ, ಆಗಬಹುದು ಎಂದು.

ಬಂತು. ಆಗಸ್ಟಿನಲ್ಲಿ ಮಳವಳ್ಳಿಯ ಪೇಟೆಯೆಲ್ಲ ತೋರಣ. ಶಾಲೆಯ ಮಕ್ಕಳಿಗೆ ಸಕ್ಕರೆ ಹಂಚಿದರು. ಆದರೆ ಮೈಸೂರು ಸೀಮೆಯಲ್ಲಿ ಇನ್ನೂ ಜನರ ಸರ್ಕಾರ ಆಗಿಲ್ಲ ಎಂದು ಮತ್ತೆ ಚಳವಳಿ ಎದ್ದಿತು, ಮಾವ ಮತ್ತೆ ಒಳಗೆ ಹೋದ. ದಸರೆಯ ಹೊತ್ತಿಗೆ ಅದೂ ಗೆದ್ದಿತು. ಬಿಡುಗಡೆಯಾಗಿ ಬಂದವನನ್ನು ಮಳವಳ್ಳಿಯಲ್ಲಿ ತೆರೆದ ಮೋಟಾರಿನಲ್ಲಿ ಮೆರವಣಿಗೆ ಮಾಡಿದರು. ಮಂತ್ರಿಯಾದರೂ ಆಗಬಹುದು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನಾನು ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಅಂಗಳ ಸಾರಿಸಿ, ಇದ್ದುದರಲ್ಲಿ ಹೊಸದಾದ ಖಾದಿ ಸೀರೆ ಉಟ್ಟು ನಿಂತಿದ್ದೆ. ಕೂದಲಲ್ಲಿ ಆಗಲೇ ಒಂದೆರಡು ಬೆಳ್ಳಗಾಗಿದ್ದವು. ಅವನ್ನು ಒಳಕ್ಕೆ ಸೇರಿಸಿ ಬಾಚಿಕೊಂಡೆ.

ಮೋಟಾರು ನಮ್ಮ ಮನೆಯ ಮುಂದೆ ನಿಂತಿತು. ಹಾರಗಳನ್ನು ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಬಂದ. ನೀರು ಕುಡಿದ. ಕಾರ್ತಿಕದಲ್ಲಿ ತನ್ನ ಮದುವೆ ಎಂದು ಅವ್ವನಿಗೆ ಹೇಳಿದ. ಹುಡುಗಿ ಮೈಸೂರಿನವಳು, ಕಾಲೇಜು ಓದಿದವಳು, ಚಳವಳಿಯಲ್ಲಿ ಅವನಿಗಿಂತ ಹಿರಿಯರೊಬ್ಬರ ಮಗಳು. ಖರ್ಚಿಲ್ಲ, ಓಲಗವಿಲ್ಲ, ನೂಲಿನ ಹಾರ ಬದಲಾಯಿಸಿಕೊಳ್ಳುವುದು, ಅಷ್ಟೇ. "ನೀನು ಬರ್ಲೇಬೇಕು ಅಕ್ಕ. ಇವಳನ್ನೂ ಕರ್ಕೊಂಡ್ ಬಾ" ಎಂದ. ನನ್ನ ಕಡೆ ನೋಡಿ ನಕ್ಕ. ಆ ನಗುವಿನಲ್ಲಿ ಕಳ್ಳತನವಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಅವನು ನನ್ನನ್ನು ಎಂದೋ ಬಿಟ್ಟುಕೊಟ್ಟಾಗಿತ್ತು. ಮದ್ದೂರಿನ ಸಂತೆ ಮಾಳದಲ್ಲಿ, ಅಷ್ಟು ಜನರ ಎದುರು, ಹಕ್ಕೇ ಇಲ್ಲ ಎಂದು ಹೇಳಿದಾಗಲೇ. ಅವನು ನಿಜವನ್ನೇ ಹೇಳಿದ್ದ. ಹಾರಗಳನ್ನು ಹಿಡಿದುಕೊಂಡು ಹಿತ್ತಲಿಗೆ ಹೋದವಳು, ಎಮ್ಮೆಯ ಮುಂದೆ ಸುರಿದೆ.

ಅಪ್ಪ ಮದುವೆಗೆ ಹೋಗಲಿಲ್ಲ. ಅವ್ವನನ್ನೂ ಮೈಸೂರಿಗೆ ಕಳಿಸಲಿಲ್ಲ. ಆದರೆ ಮದುಮಕ್ಕಳು ಶಿಂಷಾ ದಡದ ಹಳೆಯ ಮನೆಗೆ ಬರುವ ದಿನ ಅಕ್ಕ ಇರಲೇಬೇಕು. ಮದುಮಗಳು ಹೊಸ್ತಿಲು ದಾಟುವ ಮೊದಲು ಗಂಡಿನ ಅಕ್ಕ ಬಾಗಿಲಿಗೆ ಅಡ್ಡ ನಿಂತು, "ನಿನಗೆ ಹುಟ್ಟೋ ಮಗಳನ್ನ ನನ್ನ ಮಗನಿಗೆ ಕೊಡ್ತೀಯಾ?" ಎಂದು ಕೇಳಬೇಕು, ಕೊಡುತ್ತೇನೆ ಎಂದ ಮೇಲೆ ದಾರಿ ಬಿಡಬೇಕು. ಊರವರೇ ಹಟ ಹಿಡಿದರು. ಅವ್ವ ಹೊರಟಳು, ನಾನೂ ಹೊರಟೆ. ಕಣ್ಣಾರೆ ನೋಡದೆ ಹೋದರೆ ನಾನು ನಂಬುತ್ತಿರಲಿಲ್ಲ.

ಅಂಗಳದ ತುಂಬ ಬಿಳಿ ಟೋಪಿಗಳು. ನೂಲಿನ ಹಾರ ಹಾಕಿಕೊಂಡು ಇಬ್ಬರೂ ಬಂದು ನಿಂತರು. ಅವಳು ಎಳೆಯವಳು, ಕನ್ನಡಕ ಹಾಕಿದ್ದಳು, ಹಳ್ಳಿಯ ಕಲ್ಲುಗಳ ಮೇಲೆ ನಡೆದು ಕಾಲು ನೊಂದಿತ್ತೆಂದು ಕಾಣುತ್ತದೆ, ಒಂದು ಕಾಲೆತ್ತಿ ನಿಂತಿದ್ದಳು. ಅವ್ವ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು. ಮಾವ ನಗುತ್ತ, "ಕೇಳಕ್ಕ, ಏನು ಕೇಳ್ಬೇಕೋ ಕೇಳು, ಕೊಟ್ಟೆ ಅಂತ್ಲೇ ತಿಳ್ಕೊ" ಎಂದ. ಜನ ನಕ್ಕರು.

"ನಂಗ್ ಗಂಡ್ಮಗ ಇಲ್ಲ ಕಣಪ್ಪ" ಎಂದಳು ಅವ್ವ. "ಇರಾಳು ಇವ್ಳೊಬ್ಳು. ಇವ್ಳ ಕೈಗ್ ವೀಳ್ಯ ಇಕ್ಬುಟ್ಟು ಒಳೀಕ್ ಬಾ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವ ಹೀಗೆ ಮಾಡುತ್ತಾಳೆಂದು ನನಗೂ ಗೊತ್ತಿರಲಿಲ್ಲ. ಮಾವನ ನಗು ಇಳಿಯಿತು. ಅವನು ಸುತ್ತಲೂ ನೋಡಿದ; ಕುಲದ ಹಿರಿಯರನ್ನು, ಊರವರನ್ನು, ಟೋಪಿಯವರನ್ನು, ಪಕ್ಕದಲ್ಲಿ ನಿಂತವಳನ್ನು. ಕೊಡದಿದ್ದರೆ ಒಳಗೆ ಹೋಗುವಂತಿಲ್ಲ. ಆರತಿ ತಟ್ಟೆಯ ಪಕ್ಕದಲ್ಲಿದ್ದ ಎಲೆ ಅಡಿಕೆ ತೆಗೆದುಕೊಂಡು ನನ್ನ ಮುಂದೆ ಬಂದ. "ಕೈ ನೀಡಮ್ಮಿ" ಎಂದ, ಮೆಲ್ಲಗೆ. ನೀಡಿದೆ. "ನನ್ನ ಹಕ್ಕು ಬಿಟ್ಟೆ" ಎಂದ, ಎಲ್ಲರಿಗೂ ಕೇಳುವಂತೆ. ಹಿಂದಿನಿಂದ ಯಾರೋ ಜೈಕಾರ ಹಾಕಿದರು. ಚಪ್ಪಾಳೆ ಬಿತ್ತು.

"ಇವರು ಯಾರು?" ಎಂದು ಅವಳು ಅವನನ್ನು ಕೇಳಿದಳು.

"ನಮ್ಮ ಅಕ್ಕನ ಮಗಳು" ಎಂದ.

ಅವಳು ನನಗೆ ಕೈಮುಗಿದಳು. ಒಳ್ಳೆಯ ಹುಡುಗಿ. ಅವ್ವ ಕೈ ಇಳಿಸಿದಳು, ಅವರು ಒಳಗೆ ಹೋದರು. ನಾನೇ ಎಲೆ ಹಾಕಿ ಬಡಿಸಿದೆ, ಮಾವನಿಗೆ ಎರಡನೆಯ ಸಲ ತುಪ್ಪವನ್ನೂ ಬಡಿಸಿದೆ.

ಸಂಜೆ ಗಾಡಿ ಮಳವಳ್ಳಿಯ ಕಡೆ ತಿರುಗಿತು. ಅವ್ವನ ಮುಖದಲ್ಲಿ ಏನೋ ಗೆದ್ದು ಬಂದ ಕಳೆ. ಎಷ್ಟೋ ವರ್ಷದ ಮೇಲೆ ಕಂಡ ಕಳೆ. ನನ್ನ ಕೈ ಹಿಡಿದುಕೊಂಡು ಹೇಳಿದಳು:

"ಇನ್ಮ್ಯಾಕೆ ಯಾರ್ ಬೇಕಾದ್ರೂ ಬಂದು ಕೇಳ್ಬೋದು ಕಣ್ ಮಗ. ನಿಂಗ್ ಬುಡುಗಡೆ ಆಯ್ತು. ಯಾಕ್ ಅಳ್ತೀಯೆ?"

"ಯಾಕವ್ವ ಕೇಳೋಕ್ ಓದೆ?" ಎಂದೆ. "ನೀನ್ ಕೇಳ್ದೆ ಇದ್ದಿದ್ರೆ ನಾನ್ ಇನ್ನೂ ಅವನೋಳೇ ಆಗಿರ್ತಿದ್ನಲ್ಲವ್ವ."